ಇತರೆ ನೂರಕ್ಕೆ ನೂರು

ಅವತ್ತು ಬೆಳಗ್ಗೆ ಆಷಾಢದ ಗಾಳಿ ಪಡುವಣದಿಂದ ಬೀಸುತ್ತಿತ್ತು. ಕಥೆ ಹೇಳುವವನು ಮೊದಲು ಗಾಳಿ ಯಾವ ದಿಕ್ಕಿನದು ಎಂದು ಹೇಳಿಬಿಡಬೇಕು, ಆಮೇಲೆ ನಡೆದದ್ದಕ್ಕೆಲ್ಲ ಅದನ್ನೇ ಹೊಣೆ ಮಾಡಬಹುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚಿಕ್ಕಬಾಣಾವರದ ಸ್ಟೇಷನ್ನಿನಲ್ಲಿ ಟಿಕೆಟ್ಟು ಕೈಯಿಂದ ಹಾರಿಹೋಗುವಷ್ಟು ಗಾಳಿ. ಮೋಡ ಉಂಟು, ಮಳೆ ಇಲ್ಲ. ಬಿಸಿಲು ಮೋಡದ ಸಂದಿಯಲ್ಲಿ ಒಮ್ಮೆ ಇಣುಕಿ, ಈ ಊರಿನ ಸಹವಾಸ ಬೇಡವೆಂದು ಒಳಗೆ ಹೋಗುತ್ತಿತ್ತು. ಇಂಥ ತೇವದ ಗಾಳಿಗೆ ಕರಿದ ತಿಂಡಿ ಮೆತ್ತಗಾಗುತ್ತದೆ. ಮನುಷ್ಯರೂ ಸ್ವಲ್ಪ ಮೆತ್ತಗಾಗುತ್ತಾರೆ. ನಮ್ಮ ಶಿವಪ್ಪ ಹುಟ್ಟಿದಾಗಿನಿಂದ ಮೆತ್ತಗೇ ಇದ್ದವನು, ಹಾಗಾಗಿ ಅವನಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಶಿವಪ್ಪನಿಗೆ ಐವತ್ತಾರು ವರ್ಷ. ಯಶವಂತಪುರದ ಮಾರ್ಕೆಟ್ ಯಾರ್ಡಿನ ಹಿಂದಿನ ಬೀದಿಯಲ್ಲಿ ರಹಮತುಲ್ಲಾ ಸಾಹೇಬರ ತಿಂಡಿ ಗೋಡೌನು. ಅಲ್ಲಿ ಮೂವತ್ತೊಂದು ವರ್ಷದಿಂದ ಡಬ್ಬಿ ತೂಗಿ ಬರೆದುಕೊಳ್ಳುವ ಕೆಲಸ ಅವನದು. ಸಾಹೇಬರು ತಾವು ಏನನ್ನೂ ಕರಿಯುವುದಿಲ್ಲ. ದಾಸರಹಳ್ಳಿ, ಚಿಕ್ಕಬಾಣಾವರ, ಅಮೃತಹಳ್ಳಿ ಕಡೆಯ ಮೂವತ್ತು ಮೂವತ್ತೈದು ಮನೆಗಳ ಹೆಂಗಸರು ತಮ್ಮ ತಮ್ಮ ಒಲೆಯ ಮೇಲೆ ಮಾಡಿ, ತಗಡಿನ ಡಬ್ಬಿಯಲ್ಲಿ ತುಂಬಿ ತಂದುಕೊಡುತ್ತಾರೆ. ಸಾಹೇಬರು ಪೊಟ್ಟಣ ಕಟ್ಟಿಸಿ ಅಂಗಡಿಗಳಿಗೆ ಕಳಿಸುತ್ತಾರೆ. ಚಕ್ಕುಲಿ, ನಿಪ್ಪಟ್ಟು, ಮಿಕ್ಸ್‌ಚರ್ ಎಂದು ಶುರುವಾಗಿ ಹಾಗಲಕಾಯಿ ಚಿಪ್ಸಿನವರೆಗೆ ಒಟ್ಟು ನಲವತ್ತೇಳು ಬಗೆ.

ಆದರೆ ಈ ಕೆಲಸಕ್ಕಿಂತ ಶಿವಪ್ಪನಿಗೆ ಹೆಸರು ತಂದದ್ದು ಮದುವೆ ಪಟ್ಟಿ. ಚಿಕ್ಕಬಾಣಾವರದಲ್ಲಿ ಯಾರ ಮನೆಯ ಮದುವೆಯಾದರೂ ಕರೆಯುವವರ ಪಟ್ಟಿ ಬರೆಯಲು ಅವನೇ ಬೇಕು. ಹತ್ತಿರದ ನೆಂಟರು, ದೂರದ ನೆಂಟರು, ಹೆಣ್ಣು ಕೊಟ್ಟು ತಂದವರು, ಕೇರಿಯವರು, ಕೊಟ್ಟೂ ಇಲ್ಲ ತಂದೂ ಇಲ್ಲ ಆದರೂ ಕರೆಯದಿದ್ದರೆ ಮುನಿಸಿಕೊಳ್ಳುವವರು, ಹೀಗೆ ಗುಂಪು ಮಾಡಿ, ಯಾರ ಪಕ್ಕದ ಎಲೆಗೆ ಯಾರನ್ನು ಕೂರಿಸಬಾರದು ಎಂದು ಅಂಚಿನಲ್ಲಿ ಕೆಂಪು ಶಾಯಿಯ ಗುರುತು ಹಾಕುತ್ತಿದ್ದ. ಅವನು ಪಟ್ಟಿ ಬರೆದ ಮದುವೆಯಲ್ಲಿ ಇವತ್ತಿನವರೆಗೆ ಸಾರಿನ ಬಕೆಟ್ಟು ಯಾರ ತಲೆಯ ಮೇಲೂ ಬಿದ್ದಿಲ್ಲ. ಪಟ್ಟಣದಲ್ಲಿ ಇದಕ್ಕಿಂತ ದೊಡ್ಡ ಸಾಧನೆ ಯಾವುದಿದೆ, ನೀವೇ ಹೇಳಿ.

ಆ ಸೋಮವಾರ ಗೋಡೌನಿಗೆ ಕಾಲಿಟ್ಟರೆ ಗೋಡೆಯ ಮೇಲೆ ಬಾಗಿಲಿನಷ್ಟು ಅಗಲದ ಟಿವಿ. ಅದರ ತುಂಬ ಒಂದು ಬಣ್ಣದ ಚಕ್ರ. ಚಕ್ರ ಎಷ್ಟು ಸಣ್ಣ ಸಣ್ಣ ತುಂಡಾಗಿತ್ತೆಂದರೆ ಜಾತ್ರೆಯ ಬಳೆಗಾರ ಮಲಾರದ ಸಮೇತ ಎಡವಿ ಬಿದ್ದ ಹಾಗೆ ಕಾಣುತ್ತಿತ್ತು. ತುಂಡುಗಳ ಸುತ್ತ ಹೆಸರುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಕೆಳಗೆ ಸಾಹೇಬರ ಮಗಳು ಐಮನ್ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಳು. ವ್ಯಾಪಾರದ ಓದು ಮುಗಿಸಿ ಬಂದು ಆರು ತಿಂಗಳಾಗಿತ್ತು. ಜಾಣೆ, ಮರ್ಯಾದಸ್ಥೆ, ಆದರೆ ಕುಳಿತಲ್ಲಿ ಕೂರುವವಳಲ್ಲ.

"ಅಂಕಲ್, ಇದು ನಮ್ಮ ಡ್ಯಾಶ್‌ಬೋರ್ಡು. ಯಾವ ತಿಂಡಿ ಎಷ್ಟು ಮಾರಿದೆ ಅಂತ ಒಂದೇ ಸಲ ನೋಡಿದ್ರೆ ಗೊತ್ತಾಗ್ಬೇಕು."

ಶಿವಪ್ಪ ಒಂದು ಸಲ ನೋಡಿದ. ಎರಡು ಸಲ ನೋಡಿದ. "ಏನೂ ಗೊತ್ತಾಗ್ತಿಲ್ವಲ್ಲಮ್ಮ."

"ಅದೇ ಪ್ರಾಬ್ಲಮ್ಮು! ನಲವತ್ತೇಳು ತುಂಡಾಗಿದೆ. ಗುಂಪು ಮಾಡ್ಬೇಕು. ಹೊಂದ್ಕೊಳ್ಳೋದನ್ನೆಲ್ಲ ಒಂದ್ ಕಡೆ ಹಾಕಿ. ಆರೋ ಏಳೋ ಗುಂಪು, ಸಾಕು. ಮಿಕ್ಕ ಚಿಲ್ಲರೆ ಪಲ್ಲರೆಯೆಲ್ಲ 'ಇತರೆ'. ಈ ಸಾಲಿನಲ್ಲಿ ತಿಂಡಿ ಹೆಸರಿದೆ, ಪಕ್ಕದಲ್ಲಿ ಗುಂಪಿನ ಹೆಸರು ಬರೀರಿ, ಈ ಗುಂಡಿ ಒತ್ತಿ. ಟಿವಿಲಿ ಬಂದ್ಬಿಡತ್ತೆ. ನಾನು ಪ್ಯಾಕಿಂಗ್ ಮೆಷಿನ್ ನೋಡೋಕೆ ಕೊಯಮತ್ತೂರಿಗೆ ಹೋಗ್ತಿದೀನಿ, ಶುಕ್ರವಾರ ಬೆಳಗ್ಗೆ ಬರ್ತೀನಿ. ಕಂಪ್ಯೂಟರ್ ಬರತ್ತಲ್ವಾ ಅಂಕಲ್ ನಿಮಗೆ?"

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಗಾಳಿ ಪಡುವಣದ್ದು.

"ಬರದೆ ಏನಮ್ಮ? ಕಂಪ್ಯೂಟರಿನ ನಾಮಕರಣಕ್ಕೇ ಹೋಗಿದ್ದೋರು ನಾವು."

ನಿಜ ಏನೆಂದರೆ, ಬಹಳ ವರ್ಷದ ಹಿಂದೆ ಮತ್ತಿಕೆರೆಯ ಒಂದು ಕಂಪ್ಯೂಟರ್ ಕ್ಲಾಸಿಗೆ ಶಿವಪ್ಪ ಮೂರು ದಿನ ಹೋಗಿದ್ದ. ಮೊದಲ ದಿನ ಪೂಜೆ, ಎರಡನೆಯ ದಿನ ಕರೆಂಟಿಲ್ಲ, ಮೂರನೆಯ ದಿನ ಮೇಷ್ಟ್ರಿಲ್ಲ.

ಅಷ್ಟರಲ್ಲಿ ರಹಮತುಲ್ಲಾ ಸಾಹೇಬರು ನಮಾಜು ಮುಗಿಸಿ ಒಳಗೆ ಬಂದರು. ಬಿಳಿ ಗಡ್ಡ, ಮೆಲ್ಲನೆ ಮಾತು. "ಶಿವಪ್ಪನೋರೆ, ಶುಕ್ರವಾರ ಶಾಂತಲಾ ಮೇಡಂ ಬರ್ತಾರೆ. ಸೂಪರ್‌ ಮಾರ್ಕೆಟ್ಟಿಗೆ ಮಾಲು ಆರಿಸೋರು, ಹದಿನಾಲ್ಕು ಬ್ರ್ಯಾಂಚು. ಈ ಚಕ್ರ ನೀಟಾಗಿರ್ಬೇಕು. ಇನ್ನೊಂದು ಮಾತು." ಸಾಹೇಬರು ಗಡ್ಡ ನೀವಿಕೊಂಡರು. "ಇತರೆಗೆ ಬಿದ್ದದ್ದನ್ನ ಗಣೇಶನ ಹಬ್ಬ ಆದ್ಮೇಲೆ ನಿಲ್ಲಿಸಿಬಿಡೋಣ. ಮೂರು ಡಬ್ಬಿ ಮಾಲಿಗೆ ಮೂವತ್ತು ಡಬ್ಬಿ ಜಾಗ ಹೋಗ್ತಿದೆ. ನನಗೂ ಮನಸ್ಸಿಲ್ಲ, ಆದ್ರೆ ಏನ್ಮಾಡೋದು, ಬಾಡಿಗೆ ಕೇಳೋನಿಗೆ ಮನಸ್ಸಿರಲ್ಲ."

ಆಮೇಲೆ ಮಗಳು ಊರಿಗೆ ಹೊರಟಳು. ಹೋಗುವಾಗ ಡಬ್ಬಿ ಹೊರುವ ಅಶ್ವತ್ಥನಿಗೆ ಒಂದು ಮಾತು ಹೇಳಿದಳು: "ಅಣ್ಣಾ, ಟಿವಿಲಿ ಹೆಂಗಿದೆಯೋ ಗೋಡೌನಲ್ಲೂ ಹಂಗೇ ಇರ್ಬೇಕು, ತಿಳೀತಾ?" ಲೆಕ್ಕ ತಾಳೆಯಾಗಬೇಕು ಎಂಬುದು ಅವಳ ಅರ್ಥ. ಅಶ್ವತ್ಥ ತಲೆ ಆಡಿಸಿದ. ಅವನಿಗೆ ತಿಳಿದದ್ದು ಬೇರೆ. ಅದು ಮುಂದೆ ಗೊತ್ತಾಗುತ್ತದೆ.

ಇತರೆಗೆ ಬೀಳುವ ಮಾಲು ಹತ್ತೊಂಬತ್ತು ಬಗೆ, ಅದರ ಹಿಂದೆ ಹನ್ನೊಂದು ಮನೆ. ಶಿವಪ್ಪನಿಗೆ ಹನ್ನೊಂದರ ಬಾಗಿಲೂ ಗೊತ್ತು. ದಾಸರಹಳ್ಳಿಯ ನೀಲಕ್ಕನ ರಾಗಿ ಕೋಡುಬಳೆ ಚಕ್ರದಲ್ಲಿ ದಾರದ ಎಳೆಯಷ್ಟು, ನೂರಕ್ಕೆ ಒಂದೂ ಕಾಲು. ಆದರೆ ನಾಲ್ಕು ಜನರ ಅವಳ ಮನೆ ಆ ಒಂದು ಬಾಣಲೆಯ ಮೇಲೆಯೇ ನಿಂತಿತ್ತು. ಟಿವಿಯವರು ಶೇಕಡಾವಾರು ಬರೆಯುವಾಗ ಬಾಣಲೆಯ ಮೇಲೆ ಎಷ್ಟು ಜನ ನಿಂತಿದ್ದಾರೆ ಎಂದು ಬರೆಯುವುದಿಲ್ಲ.

ಶಿವಪ್ಪ ತನಗೆ ಗೊತ್ತಿದ್ದ ವಿದ್ಯೆಯನ್ನೇ ತೆಗೆದ. ಹೊಂದಿಕೊಳ್ಳುವವರನ್ನು ಒಟ್ಟಿಗೆ ಕೂರಿಸಬೇಕು, ಅಷ್ಟೇ ತಾನೆ? ಒಂದೊಂದು ಬಡ ತಿಂಡಿಯನ್ನು ಒಂದೊಂದು ದೊಡ್ಡ ಮನೆತನಕ್ಕೆ ಸೇರಿಸಿದ. ಸಂಜೆಗೆ ಟಿವಿಯಲ್ಲಿ ಚಕ್ರ ಚೊಕ್ಕಟವಾಗಿ ಐದೇ ತುಂಡಾಗಿತ್ತು: ಚಕ್ಕುಲಿಯ ಕಡೆಯವರು, ನಿಪ್ಪಟ್ಟಿನ ಕಡೆಯವರು, ಮಿಕ್ಸ್‌ಚರ್ ಮನೆತನ, ಸಿಹಿಯವರು, ಕೇರಿಯವರು. ಇತರೆ ಎಂಬುದೇ ಇಲ್ಲ! ರಾಗಿ ಕೋಡುಬಳೆ ಚಕ್ಕುಲಿಯ ಕಡೆಗೆ ಹೋಗಿತ್ತು. ಚಕ್ಕುಲಿ ಮಾಡುವವಳು ಶಿವಪ್ಪನ ಸ್ವಂತ ಅಕ್ಕ ರತ್ನಕ್ಕ. ಅಕ್ಕ ತನ್ನ ಮಾತು ಮೀರುವುದಿಲ್ಲ ಎಂದು ಅವನ ನಂಬಿಕೆ. ಐವತ್ತಾರು ವರ್ಷದಲ್ಲಿ ಈ ನಂಬಿಕೆಗೆ ಒಂದೇ ಒಂದು ಆಧಾರವೂ ಸಿಕ್ಕಿರಲಿಲ್ಲ.

ಮಂಗಳವಾರ ಬೆಳಗ್ಗೆ ರತ್ನಕ್ಕ ಆರು ಡಬ್ಬಿ ಚಕ್ಕುಲಿಯ ಜೊತೆ ಆಟೋದಿಂದ ಇಳಿದಳು. ಟಿವಿ ಕಂಡಳು. ಓದಿದಳು. ಒಳಗೆ ಹೋಗಿ ತನ್ನ ಡಬ್ಬಿ ಇಡುವ ಕಟ್ಟೆ ನೋಡಿದಳು. ಟಿವಿಯಲ್ಲಿ ಹೇಗಿತ್ತೋ ಹಾಗೆಯೇ, ಅಶ್ವತ್ಥ ನೀಲಕ್ಕನ ಡಬ್ಬಿಗಳನ್ನು ತಂದು ಚಕ್ಕುಲಿ ಡಬ್ಬಿಗಳ ತೊಡೆಯ ಮೇಲೆ ಕೂರಿಸಿದ್ದ.

"ಲೋ ಶಿವೂ! ಯಾವನ್ಲಾ ಇದು ಮಾಡಿದ್ದು?"

"ನಾನೇ ಅಕ್ಕ. ಅದು... ಕಂಪ್ಯೂಟರಿನ ಪದ್ಧತಿ."

"ಕಂಪ್ಯೂಟರ್‌ಗೆ ಅಕ್ಕ ಇದ್ದಾಳೇನ್ಲಾ? ಆ ನೀಲಿ ನನ್ನ ಮೊಮ್ಮಗನ ನಾಮಕರಣದಾಗೆ, ಅಷ್ಟು ಜನದ ಮುಂದೆ, 'ರತ್ನಕ್ಕನ ಚಕ್ಕುಲಿ ಮುರಿಯೋಕೆ ಗುಂಡುಕಲ್ಲು ಬೇಕು' ಅಂದೋಳು. ಅವಳನ್ನ ತಂದು ನನ್ನ ಪಕ್ಕ ಕೂರಿಸ್ತೀಯಾ? ಊರ ಮದ್ವೆಗೆಲ್ಲಾ ಪಟ್ಟಿ ಬರೀತೀಯ, ಮನೆ ಜಗಳ ಮರ್ತೋಯ್ತಾ? ಈಗಿಂದೀಗ್ಲೇ ಅತ್ತಾಗಾಕು!"

ಶಿವಪ್ಪ ಅತ್ತ ಹಾಕಿದ. ಎತ್ತ? ಸಿಹಿಯವರ ಗುಂಪಿನಲ್ಲಿ ಜಾಗವಿತ್ತು. ಸಿಹಿಯವರು ಸಾಮಾನ್ಯವಾಗಿ ಜಗಳವಾಡುವುದಿಲ್ಲ ಎಂದು ಅವನ ಎಣಿಕೆ. ಗುಂಡಿ ಒತ್ತಿದ. ಟಿವಿಯಲ್ಲಿ ಬಣ್ಣ ಸರಿಯಿತು. ಅಶ್ವತ್ಥ ಸೊಂಟಕ್ಕೆ ಟವೆಲ್ಲು ಬಿಗಿದು ಡಬ್ಬಿಗಳನ್ನು ಎತ್ತಿದ.

ಬುಧವಾರ ಬೆಳಗ್ಗೆ ಅಮೃತಹಳ್ಳಿಯಿಂದ ಜೈನಾಬ್ ಬಂದಳು. ನಾನ್‌ಖಟಾಯಿಯವಳು. ಬುರ್ಖಾದ ಮೇಲೆ ಹಿಟ್ಟಿನ ಧೂಳು. ಕಟ್ಟೆಯ ಹತ್ತಿರ ಹೋಗಿ ಮೂಗು ಮುಚ್ಚಿಕೊಂಡು ಹಿಂದಕ್ಕೆ ಬಂದಳು.

"ಶಿವಪ್ಪ ಭಾಯ್, ನಾನು ನಿಮಗೆ ಏನ್ ತಪ್ಪು ಮಾಡಿದೀನಿ?"

"ಏನಾಯ್ತಮ್ಮ?"

"ನಮ್ಮ ನಾನ್‌ಖಟಾಯಿ ಪಕ್ಕ ಇಂಗು! ಬೆಳ್ಳುಳ್ಳಿ! ತುಪ್ಪದ ಮಾಲು ಅದು, ಪಕ್ಕದಲ್ಲಿರೋ ವಾಸನೆಯೆಲ್ಲ ಕುಡಿದುಬಿಡತ್ತೆ. ಏಲಕ್ಕಿ ಹಾಕಿ ಕಳಿಸಿದ್ರೆ ನೀವು ಒಗ್ಗರಣೆ ಹಾಕಿ ಮಾರ್ತೀರಾ?"

"ಅದು ಬರೀ ಟಿವಿಲಿ ಪಕ್ಕ ಅಮ್ಮ, ನಿಜವಾಗ್ಲೂ ಪಕ್ಕ ಅಲ್ಲ."

"ಮತ್ತೆ ನನ್ನ ಕಣ್ಣೆದುರಿಗೆ ಕಾಣ್ತಿರೋದೇನು, ಸಿನಿಮಾನಾ?"

ಶಿವಪ್ಪ ತಿರುಗಿ ನೋಡಿದ. ಅಶ್ವತ್ಥ ಡಬ್ಬಿಗಳ ಮೇಲೆ ಕೂತು ಸೊಂಟಕ್ಕೆ ಅಮೃತಾಂಜನ ತಿಕ್ಕಿಕೊಳ್ಳುತ್ತಿದ್ದ. "ಟಿವಿಲಿ ಇದ್ದಂಗೆ ಇಡು ಅಂತ ಮೇಡಂ ಆರ್ಡರ್ ಸಾರ್. ನೀವು ಒಂದ್ ಬೆರಳಲ್ಲಿ ಒತ್ತುತೀರ, ನಾನು ನೂರಾ ಎಂಬತ್ತು ಡಬ್ಬಿ ಹೊರ್ತೀನಿ. ನಿಮ್ಮ ಬೆರಳು ಇವತ್ತು ಸ್ವಲ್ಪ ಸುಮ್ನಿರತ್ತಾ, ಹೇಳ್ಬಿಡಿ, ಊಟಕ್ಕೆ ಹೋಗ್ಬೇಕು."

ಬೆರಳು ಸುಮ್ಮನಿರಲು ಜನ ಬಿಡಬೇಕಲ್ಲ? ಯಾರೋ ಟಿವಿಯ ಫೋಟೊ ತೆಗೆದು ಹೆಂಗಸರ ವಾಟ್ಸಾಪ್ ಬಳಗಕ್ಕೆ ಹಾಕಿದ್ದರು. ಇತರೆ ಎಂದರೆ ಮನೆಗೆ ಹೋಗುವ ದಾರಿ ಎಂಬ ಸುದ್ದಿಯೂ ಜೊತೆಗೇ ಹೋಗಿತ್ತು. ಫೋನಿನ ಮೇಲೆ ಫೋನು. ನಿಪ್ಪಟ್ಟಿನವರಿಗೆ ಖಾರದ ಕಡ್ಡಿ ಬೇಡ. ಖಾರದ ಕಡ್ಡಿಯವರಿಗೆ ಹೆಸರುಬೇಳೆ ಬೇಡ. ಹೆಸರುಬೇಳೆಯವರು ಮಿಕ್ಸ್‌ಚರ್ ಮನೆತನಕ್ಕೆ ಸೇರಲು ತಯಾರಿದ್ದರು, ಆದರೆ ಮಿಕ್ಸ್‌ಚರ್ ಮನೆತನದವರು ಈಗಾಗಲೇ ಬಹಳ ಬೆರೆತಿದ್ದೇವೆ, ಇನ್ನು ಸಾಕು ಎಂದರು. ಸಂಜೆ ರೈಲಿನಲ್ಲಿ ಟಿಕೆಟ್ ಪರೀಕ್ಷಕ ಶಿವಪ್ಪನ ಟಿಕೆಟ್ಟನ್ನು ಎರಡೂ ಬದಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಪಕ್ಕದಲ್ಲೇ ಕೂತುಬಿಟ್ಟ.

"ನೀವೇ ತಾನೆ ಗುಂಪು ಮಾಡೋರು?"

"ಹೌದು ಸ್ವಾಮಿ."

"ಹಾಗಲಕಾಯಿ ಚಿಪ್ಸ್ ನಮ್ಮ ಅತ್ತೆಯವರು ಪಟಾಲಮ್ಮನದು. ಕೇರಿಯವರು ಅಂತ ಹಾಕಿದೀರಂತೆ. ನಾವು ನಿಮ್ಮ ಕೇರಿಯವರಲ್ವಲ್ಲ. ಅತ್ತೆ ಎರಡು ದಿನದಿಂದ ನನಗೆ ಅನ್ನ ಬಡಿಸ್ತಿಲ್ಲ ಕಣ್ರೀ, ಹಾಗಲಕಾಯಿ ಬಡಿಸ್ತಿದಾರೆ." ಅವನ ಕಣ್ಣಲ್ಲಿ ನೀರಿತ್ತು. ಸರ್ಕಾರಿ ಸಮವಸ್ತ್ರದಲ್ಲಿ ಅಷ್ಟು ಸಂಕಟವನ್ನು ಶಿವಪ್ಪ ಎಂದೂ ಕಂಡಿರಲಿಲ್ಲ.

ಗುರುವಾರ ಬೆಳಗ್ಗೆ ಗೋಡೌನಿನ ಬಾಗಿಲು ತೆರೆಯುವ ಮೊದಲೇ ನೀಲಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಗಟ್ಟಿಮುಟ್ಟಾದ ಹೆಂಗಸು, ಮುಂಗೈ ತುಂಬ ಎಣ್ಣೆ ಸಿಡಿದ ಹಳೆಯ ಚುಕ್ಕೆಗಳು. ಕಿರುಚಲಿಲ್ಲ, ಅಳಲಿಲ್ಲ. ಒಳಗೆ ಬಂದು ಒಂದು ಖಾಲಿ ಡಬ್ಬಿ ಬೋರಲು ಹಾಕಿ, ಅದರ ಮೇಲೆ ಕೂತು, ಟಿವಿ ನೋಡಿದಳು.

"ಶಿವಪ್ಪಣ್ಣ, ನಾಕು ದಿನದಿಂದ ನನ್ನನ್ನ ಬೆಕ್ಕಿನ ಮರಿ ಥರ ಮನೆಯಿಂದ ಮನೆಗೆ ಹೊತ್ತು ತಿರುಗ್ತಿದೀರಂತೆ. ನೇರವಾಗಿ ಹೇಳಿ. ನಾನು ಇತರೆನಾ?"

ಶಿವಪ್ಪ ಸುಳ್ಳು ಹೇಳಬಲ್ಲ, ಆದರೆ ಎದುರಿಗಿದ್ದವರು ಅವನ ಮುಖ ನೋಡದಿದ್ದರೆ ಮಾತ್ರ. "ನಿನ್ನನ್ನ ಅಲ್ಲಿಗೆ ಹಾಕ್ಬಾರ್ದು ಅಂತಲೇ ಇಷ್ಟೆಲ್ಲ ಮಾಡಿದ್ದು ಕಣಮ್ಮ. ಯಾರೂ ಪಕ್ಕಕ್ಕೆ ಸೇರಿಸ್ತಿಲ್ಲ. ಇತರೆಗೆ ಹಾಕಿದ್ರೆ ಹಬ್ಬ ಆದ್ಮೇಲೆ ನಿಂತುಹೋಗತ್ತೆ."

"ಯಾಕೆ ನಿಲ್ಲಿಸ್ತಾರೆ?"

"ಚಿಕ್ಕದು ಅಂತ."

"ಇತರೆ ದೊಡ್ಡದಾದ್ರೆ?"

"ಇತರೆ ಹೆಂಗೆ ದೊಡ್ಡದಾಗತ್ತೆ?"

"ನೀವೇ ತಾನೆ ಬರೆಯೋರು? ಯಾರು ಯಾರು ಇವರ ಪಕ್ಕ ಕೂರಲ್ಲ ಅವರ ಪಕ್ಕ ಕೂರಲ್ಲ ಅಂತಾರೋ ಎಲ್ಲರನ್ನೂ ಅಲ್ಲಿಗೆ ಹಾಕಿ. ನಾವು ಹನ್ನೊಂದು ಮನೆ ಮೊದಲೇ ಇದೀವಿ. ಯಾರ ಪಕ್ಕ ಯಾರಾದ್ರೂ ಕೂರ್ಲಿ, ನಮಗೇನೂ ಬೇಜಾರಿಲ್ಲ. ಒಂದೂ ಕಾಲನ್ನ ತೆಗೆದು ಎಸೀಬಹುದು ಅಣ್ಣ. ಅರವತ್ತನ್ನ ಎಲ್ಲಿ ಎಸೀತಾರೆ?"

ಇಷ್ಟು ಹೇಳಿ ಎದ್ದು ಹೋದಳು. ಒಲೆ ಮೇಲೆ ಎಣ್ಣೆ ಇಟ್ಟು ಬಂದಿದ್ದಳಂತೆ, ಮಗಳನ್ನು ಕಾವಲು ಕೂರಿಸಿ.

ಶಿವಪ್ಪ ಗೋಡೆಯ ಕಡೆ ನೋಡಿ, ಒಂದು ಬದಿಯ ಮಂಜುನಾಥನ ಕ್ಯಾಲೆಂಡರಿಗೂ ಇನ್ನೊಂದು ಬದಿಯ ಮಕ್ಕಾದ ಕ್ಯಾಲೆಂಡರಿಗೂ ಕೈಮುಗಿದು, ಬರೆಯಲು ಕೂತ. ಜೈನಾಬಳಿಗೆ ಫೋನು ಮಾಡಿದ. "ಇಂಗಿನ ಪಕ್ಕ ಬೇಡ ಅಂದ್ರೆ ಇತರೆ ಒಂದೇ ಇರೋದಮ್ಮ. ತುಂಬ ಜನ ಸೇರಿದ್ರೆ ಅದನ್ನ ಯಾರೂ ನಿಲ್ಲಿಸೋಕಾಗಲ್ಲ" ಎಂದ. "ಅಲ್ಲಿ ಡಬ್ಬಿ ಮುಚ್ಚಳ ಬಿಗಿಯಾಗಿರತ್ತಾ? ಹಂಗಾದ್ರೆ ಹಾಕಿ" ಎಂದಳು. ಖಾರದ ಕಡ್ಡಿ ಬಂತು, ಹೆಸರುಬೇಳೆ ಬಂತು, ಪಟಾಲಮ್ಮನ ಹಾಗಲಕಾಯಿ ಬಂತು. ಚಿಕ್ಕವರೆಲ್ಲ ಹೋದಮೇಲೆ ತಾವು ಇಲ್ಲಿ ಯಾರ ಮೇಲೆ ದೊಡ್ಡಸ್ತಿಕೆ ಮಾಡುವುದು ಎಂದು ನಿಪ್ಪಟ್ಟಿನವರೂ ಬಂದರು. ಮಿಕ್ಸ್‌ಚರಿನವರು ಎಲ್ಲಿ ಜನವೋ ಅಲ್ಲಿ. ಮಧ್ಯಾಹ್ನದ ಹೊತ್ತಿಗೆ ಚಕ್ರದಲ್ಲಿ ಎರಡೇ ತುಂಡು: ಚಕ್ಕುಲಿ ಇಪ್ಪತ್ತೆರಡು, ಇತರೆ ಎಪ್ಪತ್ತೆಂಟು.

ಆಟೋ ನಿಂತ ಸದ್ದಾಯಿತು.

ರತ್ನಕ್ಕ ಟಿವಿ ನೋಡಿದಳು. ಒಳಗೆ ಹೋಗಿ ನೋಡಿದಳು. ಗೋಡೌನಿನ ಒಂದು ಕಡೆ ಡಬ್ಬಿಗಳ ಗುಡ್ಡ, ಮದುವೆ ಮನೆಯ ಹಾಗೆ ಕಳೆಕಳೆಯಾಗಿ. ಇನ್ನೊಂದು ಮೂಲೆಯಲ್ಲಿ ಅವಳ ಚಕ್ಕುಲಿ ಡಬ್ಬಿಗಳು ಮಾತ್ರ.

"ಅಯ್ಯೋ ನನ್ನ ತಮ್ಮಾ! ಸ್ವಂತ ಅಕ್ಕನಿಗೆ ಬಹಿಷ್ಕಾರ ಆಕಿದ್ಯೇನ್ಲಾ!"

"ಅಕ್ಕ, ನೀನೇ ತಾನೆ ಪಕ್ಕ ಯಾರೂ ಬೇಡ ಅಂದಿದ್ದು?"

"ಪಕ್ಕ ಆ ನೀಲಿ ಬೇಡ ಅಂದೆ ಕಣ್ಲಾ! ಪಕ್ಕ ಯಾರೂ ಬೇಡ ಅಂದ್ನಾ? ಸತ್ತೋರ ಮನೆ ಮುಂದೆ ಇಟ್ಟ ಮಡಕೆ ಥರ ಒಬ್ಬಳನ್ನೇ ಮೂಲೇಲಿ ಕೂರಿಸಿದ್ಯಲ್ಲ, ಕಂಡೋರು ಏನಂದ್ಕೋತಾರೆ? ನನ್ನೂ ಅಲ್ಲಿಗೆ ಆಕು!"

"ಅಲ್ಲಿ ನೀಲಕ್ಕ ಇದ್ದಾಳೆ."

"ಅಷ್ಟು ಜನದಾಗೆ ಅವಳು ಯಾವ ಮೂಲೆಲಿದ್ರೆ ನಂಗೇನು? ಸಂತೆಗೆ ಓಗೋಕಿಲ್ವಾ? ಆಕು ಅಂದ್ರೆ ಆಕು!"

ಶಿವಪ್ಪ ಹಾಕಿದ. ಗುಂಡಿ ಒತ್ತಿದ. ಚಕ್ರ ಒಮ್ಮೆ ಮಿಟುಕಿ, ಗೆರೆ ಕಳಚಿ, ಹುಣ್ಣಿಮೆಯ ಚಂದ್ರನ ಹಾಗೆ ಪೂರ್ತಿಯಾಯಿತು. ಒಂದೇ ಬಣ್ಣ, ಬೂದಿ ಬಣ್ಣ. ಮಧ್ಯದಲ್ಲಿ ಒಂದೇ ಸಾಲು: ಇತರೆ, ನೂರಕ್ಕೆ ನೂರು. ಅಶ್ವತ್ಥ ಕೊನೆಯ ಡಬ್ಬಿಗಳನ್ನು ಹೊತ್ತು ತಂದು ಗುಡ್ಡದ ಬುಡಕ್ಕೆ ಸೇರಿಸಿ ಟಿವಿ ಕಡೆ ನೋಡಿ, "ಸಾರ್, ಇದು ಬೆಸ್ಟು. ಇನ್ನು ಎಲ್ಲಿಗೂ ಹೊರೋಕೆ ಜಾಗಾನೇ ಇಲ್ಲ" ಎಂದು ಅಲ್ಲೇ ಒರಗಿ ನಿದ್ದೆ ಹೋದ.

ಶುಕ್ರವಾರ ಹತ್ತು ಗಂಟೆಗೆ ಐಮನ್ ಬಸ್ಸಿಳಿದು ನೇರ ಬಂದಳು. ಅವಳ ಹಿಂದೆಯೇ ಶಾಂತಲಾ ಮೇಡಂ ಕಾರಿನಿಂದ ಇಳಿದರು. ನಲವತ್ತರ ಆಸುಪಾಸು, ಹತ್ತಿ ಸೀರೆ, ಕೈಯಲ್ಲಿ ಒಂದು ಪುಸ್ತಕ, ಮುಖದಲ್ಲಿ ಈ ವಾರ ನೂರು ಗೋಡೌನು ನೋಡಿದ ದಣಿವು. ರಹಮತುಲ್ಲಾ ಸಾಹೇಬರು ಕುರ್ಚಿ ಹಾಕಿಸಿ, "ಬನ್ನಿ ಮೇಡಂ, ನಮ್ಮ ವ್ಯಾಪಾರ ಎಲ್ಲ ಆ ಟಿವಿಲಿದೆ" ಎಂದು ಹೆಮ್ಮೆಯಿಂದ ಕೈ ತೋರಿಸಿದರು. ತೋರಿಸಿದ ಮೇಲೆ ತಾವೂ ನೋಡಿದರು.

ಗೋಡೌನಿನಲ್ಲಿ ಎಣ್ಣೆ ವಾಸನೆ ಬಿಟ್ಟು ಬೇರೇನೂ ಅಲುಗಲಿಲ್ಲ.

"ಐಮನ್," ಸಾಹೇಬರು ಪಿಸುಗುಟ್ಟಿದರು, "ಕ್ಯಾ ಹೈ ಯೇ? ಮೂವತ್ತೈದು ವರ್ಷದ ವ್ಯಾಪಾರ. ನನ್ನ ಹತ್ರ ಇತರೆ ಬಿಟ್ಟು ಏನೂ ಇಲ್ವಾ?"

"ಯಾರು ಮಾಡಿದ್ದು ಇದು?" ಐಮನ್ ಕೇಳಿದಳು.

"ನಾನೇ" ಎಂದ ಶಿವಪ್ಪ. ಅವನ ಧ್ವನಿ ಗಣೇಶನ ಹಬ್ಬವಾದ ಮೇಲೆ ಕೆರೆಯ ತಳದಿಂದ ಬಂದ ಹಾಗಿತ್ತು. ಬಾಗಿಲಲ್ಲಿ ಹೆಂಗಸರು ಗುಂಪು ಕಟ್ಟಿ ನಿಂತಿದ್ದರು. ಇಂಥ ದಿನ ಡಬ್ಬಿ ತರುವ ನೆಪ ಎಲ್ಲರಿಗೂ ಸಿಕ್ಕಿತ್ತು. ನೀಲಕ್ಕ ಹಿಂದಿನ ಸಾಲಿನಲ್ಲಿದ್ದಳು.

ಶಾಂತಲಾ ಮೇಡಂ ಟಿವಿ ನೋಡಿದರು. ಪುಸ್ತಕದಲ್ಲಿ ಏನೋ ಬರೆಯಲು ಹೋಗಿ ನಿಲ್ಲಿಸಿದರು. ಬರೆಯುವುದಕ್ಕೆ ಏನೂ ಇರಲಿಲ್ಲ.

"ಇದರಲ್ಲಿ ಏನೇನಿದೆ?" ಎಂದರು.

"ಎಲ್ಲ ಇದೆ ಮೇಡಂ" ಎಂದ ಶಿವಪ್ಪ.

"ಎಲ್ಲ ಅಂದ್ರೆ?"

"ಬಂದು ನೋಡಿದ್ರೆ ಗೊತ್ತಾಗತ್ತೆ ಮೇಡಂ. ಟಿವಿಲಿ ಗೊತ್ತಾಗಲ್ಲ."

ಮೂವತ್ತೊಂದು ವರ್ಷದಲ್ಲಿ ಶಿವಪ್ಪ ಆಡಿದ ಮೊದಲ ವ್ಯಾಪಾರದ ಮಾತು ಇದು, ಅದೂ ಗತಿಯಿಲ್ಲದೆ. ಮೇಡಂ ನಿಟ್ಟುಸಿರು ಬಿಟ್ಟು ಎದ್ದರು. ಒಳಗೆ ಡಬ್ಬಿಗಳ ಗುಡ್ಡ. ಅಶ್ವತ್ಥ ಬುದ್ಧಿವಂತ. ಚಕ್ಕುಲಿ, ನಿಪ್ಪಟ್ಟು, ಮಿಕ್ಸ್‌ಚರಿನ ದೊಡ್ಡ ಡಬ್ಬಿಗಳನ್ನು ಭಾರವೆಂದು ಕೆಳಗೆ ಇಟ್ಟು, ಸಣ್ಣ ಮನೆಗಳ ಸಣ್ಣ ಡಬ್ಬಿಗಳನ್ನು ಮೇಲೆ ಜೋಡಿಸಿದ್ದ. ಶಿವಪ್ಪ ಕೈಗೆ ಸಿಕ್ಕ ಮೊದಲ ಡಬ್ಬಿಯ ಮುಚ್ಚಳ ತೆರೆದ. ರಾಗಿ ಕೋಡುಬಳೆ.

ಮೇಡಂ ಒಂದು ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು. ಆಷಾಢದ ಗಾಳಿಯಲ್ಲೂ ಅದು ಕರುಂ ಎಂದಿತು. ಇನ್ನೊಂದು ತೆಗೆದುಕೊಂಡರು. ಮುಂದಿನ ಡಬ್ಬಿ ನಾನ್‌ಖಟಾಯಿ. ಅದಾದಮೇಲೆ ಹಾಗಲಕಾಯಿ ಚಿಪ್ಸ್.

"ನನಗೆ ಹಾಗಲಕಾಯಿ ಆಗಲ್ಲ" ಎಂದರು ಮೇಡಂ, ನಾಲ್ಕನೆಯ ಚೂರು ತೆಗೆದುಕೊಳ್ಳುತ್ತ. ಆಮೇಲೆ ಸಾಹೇಬರ ಕಡೆ ತಿರುಗಿದರು. "ನೋಡಿ, ಹೋದಲ್ಲೆಲ್ಲ ಟಿವಿ ತೋರಿಸ್ತಾರೆ. ಅದರಲ್ಲಿ ಚಕ್ಕುಲಿ ಇಷ್ಟು, ಮಿಕ್ಸ್‌ಚರ್ ಇಷ್ಟು ಅಂತ. ಅದನ್ನ ಕೊಡೋರು ಹತ್ತಾರು ಜನ ಈಗಾಗಲೇ ಇದಾರೆ ನನ್ನ ಹತ್ರ. ನಿಮ್ಮಲ್ಲೂ ಅದೇ ಕಂಡಿದ್ರೆ ಕಾಫಿ ಕುಡಿದು ಹೊರಟುಹೋಗ್ತಿದ್ದೆ. ಈ ಮೇಲಿನ ಸಾಲಿಂದು ಬೇರೆಲ್ಲೂ ಸಿಗಲ್ಲ. ಇದರಲ್ಲಿರೋ ಅಷ್ಟೂ ಬಗೆ ಬೇಕು. ಖಾನೆ ಖಾನೆ ಇರೋ ಪೆಟ್ಟಿಗೇಲಿ ಸ್ವಲ್ಪ ಸ್ವಲ್ಪ ಹಾಕಿ ಕೊಡಿ. ಮೊದಲು ಗೌರಿ ಹಬ್ಬಕ್ಕೆ ಹದಿನಾಲ್ಕು ಬ್ರ್ಯಾಂಚಿಗೂ." ಇನ್ನೊಂದು ಕೋಡುಬಳೆ ಮುರಿದರು. "ಚಕ್ಕುಲಿನೂ ಒಂದೆರಡು ಇರಲಿ."

"ಒಂದೆರಡಾ!" ಎಂದಳು ರತ್ನಕ್ಕ ಬಾಗಿಲಿಂದ. ಜೈನಾಬ್ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. ನಾನ್‌ಖಟಾಯಿಯ ಕೈ, ಏಲಕ್ಕಿ ಘಮಘಮ.

ಕಾರು ಹೋದಮೇಲೆ ಸಾಹೇಬರು ಕುರ್ಚಿಯ ಮೇಲೆ ಕುಸಿದು, ಮೇಲೆ ನೋಡಿ, "ಅಲ್‌ಹಮ್ದುಲಿಲ್ಲಾ" ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ, "ಯಾರ ಮಾಲೂ ನಿಲ್ಲೋದಿಲ್ಲಮ್ಮ, ಹೋಗಿ, ಒಲೆ ಹಚ್ಚಿ" ಎಂದರು. ಹನ್ನೊಂದು ಮನೆಯ ಹೆಂಗಸರು ಒಟ್ಟಿಗೆ ಬಿಟ್ಟ ಉಸಿರಿಗೆ ಎರಡೂ ಕ್ಯಾಲೆಂಡರಿನ ಹಾಳೆ ಅಲುಗಿತು ಎಂದು ಅಶ್ವತ್ಥ ಇವತ್ತಿಗೂ ಆಣೆ ಮಾಡುತ್ತಾನೆ. ಐಮನ್ ಲ್ಯಾಪ್‌ಟಾಪ್ ತೆಗೆದುಕೊಂಡು ಕೂತ ಜಾಗದಲ್ಲೇ ಒಂದು ಗಂಟೆ ಕೂತಳು. ಅದೇ ಒಂದು ಪವಾಡ. ಎದ್ದಾಗ ಚಕ್ರದಲ್ಲಿ ಆರು ಬಣ್ಣವಿತ್ತು. ಚಕ್ಕುಲಿ, ನಿಪ್ಪಟ್ಟು ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಆರನೆಯದರ ಹೆಸರು: ಬೇರೆಲ್ಲೂ ಸಿಗದವು.

"ಅಂಕಲ್, ಹೇಗೆ ಹೊಳೀತು ನಿಮಗೆ ಇದು?" ಎಂದಳು.

ಶಿವಪ್ಪ ಬಾಯಿ ತೆರೆದ. "ಅದು ನನಗಲ್ಲಮ್ಮ..."

"ನೋಡು, ನೋಡು, ಎಂಥಾ ವಿನಯ!" ಎಂದರು ಸಾಹೇಬರು. ತೆರೆದ ಬಾಯಿ ಹಾಗೇ ಮುಚ್ಚಿತು. ಹೊಗಳಿಕೆ ಬಿಸಿ ಬೋಂಡಾದ ಹಾಗೆ, ಬಾಯಲ್ಲಿದ್ದಾಗ ಮಾತಾಡಲು ಆಗುವುದಿಲ್ಲ.

ಶನಿವಾರ ಮಧ್ಯಾಹ್ನ ಗೋಡೌನಿನಲ್ಲೇ ಎಲ್ಲರಿಗೂ ಊಟ. ಸಾಹೇಬರು ಅಂಚಿಗೆ ಜರಿಯಿದ್ದ ಕೆನೆ ಬಣ್ಣದ ಶಾಲು ತರಿಸಿ, "ಈ ತಲೆಗೆ" ಎಂದು ಶಿವಪ್ಪನ ತಲೆ ತೋರಿಸಿ, ಹೆಗಲಿಗೆ ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಟಿಕೆಟ್ ಪರೀಕ್ಷಕ ರಜೆ ಹಾಕಿ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ತಟ್ಟಿದ. ಹಿಂದಿನ ಪಂಕ್ತಿಯಲ್ಲಿ ಕೂತಿದ್ದ ನೀಲಕ್ಕನೂ ಎಂಜಲು ಕೈ ಬಿಟ್ಟು, ಎಡಗೈಯಿಂದ ತೊಡೆ ತಟ್ಟಿ ಸದ್ದು ಮಾಡಿದಳು. ಶಿವಪ್ಪನಿಗೆ ಆ ದಿನ ಪಾಯಸ ಇಳಿಯಲಿಲ್ಲ ಎಂದು ಬಡಿಸಿದವರು ಹೇಳಿದರು.

ಭಾನುವಾರ ಗಾಳಿ ನಿಂತಿತ್ತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಶಿವಪ್ಪ ದಾಸರಹಳ್ಳಿಯ ಎರಡನೆಯ ಅಡ್ಡರಸ್ತೆಯಲ್ಲಿ, ನೀಲಕ್ಕನ ಮನೆಯ ಮುಂದೆ ಚಪ್ಪಲಿ ಬಿಟ್ಟ. ಅವಳು ಬಾಣಲೆಯ ಮುಂದೆ ಕೂತು ರಾಗಿ ಹಿಟ್ಟಿನ ಬಳೆ ಸುತ್ತುತ್ತಿದ್ದಳು. ಮಗಳು ಪಕ್ಕದಲ್ಲಿ ತಗಡಿನ ಡಬ್ಬಿಗಳನ್ನು ಒರೆಸಿಡುತ್ತಿದ್ದಳು. ಶಿವಪ್ಪ ಕಂಕುಳಲ್ಲಿದ್ದ ಪೇಪರಿನ ಪೊಟ್ಟಣ ಬಿಚ್ಚಿ, ಮಡಿಸಿದ ಶಾಲನ್ನು ಅವಳ ಪಕ್ಕದ ಮಣೆಯ ಮೇಲಿಟ್ಟ.

"ಏನಣ್ಣ ಇದು?"

"ನಿಂದು."

ನೀಲಕ್ಕ ಶಾಲು ನೋಡಿದಳು. ಅವನ ಮುಖ ನೋಡಿದಳು. ಜಾಲರಿ ಸೌಟಿನಿಂದ ನಾಲ್ಕು ಕೋಡುಬಳೆ ಮಗುಚಿದಳು.

"ಎಣ್ಣೆ ಸಿಡೀತದೆ," ಎಂದಳು. "ಆ ಗೂಟಕ್ಕೆ ಹಾಕಿ."

ಶಿವಪ್ಪ ಗೂಟಕ್ಕೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟ.